ಹನ್ನೊಂದನೇ ಫೋಟೊ

ಜನವರಿ 6, ಸೋಮವಾರ

ಕೆಂಪು ಬಣ್ಣ ತೆಗೆದೆ. ಹಳದಿ ಅಕ್ಷರ ತೆಗೆದೆ. ಕಾರಣ: ಮಂಜುಶ್ರೀ ಒಪ್ಪಲಿಲ್ಲ.

ಹೀಗೇ ಬರೆಯಬೇಕಂತೆ. ವೆಬ್‌ಸೈಟಿನಲ್ಲಿ ಏನು ಮಾಡಿದರೂ ತಾರೀಖು, ಏನು ಬದಲಾಯಿತು, ಯಾಕೆ — ಮೂರೂ ಇರಬೇಕು. ಮುಂದೆ ಏನಾದರೂ ಕೆಟ್ಟರೆ, ಕೆಟ್ಟದ್ದು ಎಲ್ಲಿ ಅಂತ ಹಿಂದಕ್ಕೆ ಹೋಗಿ ಹುಡುಕಬಹುದು. ಕಂಪ್ಯೂಟರಿನಲ್ಲೇ ಬರೆದಿಡು ಅಂದಳು. ನನಗೆ ಸಿಮೆಂಟ್ ಅಂಗಡಿಯವನು ಕೊಟ್ಟ ಈ ಡೈರಿಯೇ ಸರಿ. ಪೆನ್ನಿಗೆ ಚಾರ್ಜರ್ ಬೇಡ.

ದಾಖಲೆ ಅಂದಮೇಲೆ ವಿಳಾಸವೂ ಇರಲಿ. ಮುನಿಶಾಮಪ್ಪ, ಪಟ್ಟಂದೂರು ಅಗ್ರಹಾರ. ನಮ್ಮೂರ ಸ್ಕೂಲಿನಲ್ಲಿ ಏಳನೇ ಕ್ಲಾಸು, ಅದೂ ಫಸ್ಟ್ ಕ್ಲಾಸು. ಇಪ್ಪತ್ತೆರಡು ಬಾಡಿಗೆ ರೂಮುಗಳ ಓನರ್. ಮಂಜುಶ್ರೀ ನನ್ನ ತಂಗಿ ಯಮುನಾಳ ಮಗಳು. ಅಪ್ಪ ಅಮ್ಮ ಇಬ್ಬರೂ ಹೋದಮೇಲೆ ನಮ್ಮ ಮನೆಯಲ್ಲೇ ಇದ್ದಾಳೆ. ಮಕ್ಕಳಿಲ್ಲದ ನನಗೂ ಹೆಂಡತಿ ದೇವಕ್ಕನಿಗೂ ಅವಳೇ ಎಲ್ಲ.

ಕನ್ನಡ ಬಾವುಟದ ಬಣ್ಣ ಹಾಕಿದ್ದೆ. ಕೆಂಪು ಹಿನ್ನೆಲೆ, ಹಳದಿಯಲ್ಲಿ ‘ಮುನಿಶಾಮಪ್ಪ ರೂಮ್ಸ್’. ಅವಳು ಅದೇನೋ ಅಳತೆ ಹಾಕಿದಳು. ಅಕ್ಷರಕ್ಕೂ ಹಿಂದಿನ ಬಣ್ಣಕ್ಕೂ ನಾಲ್ಕೂವರೆ ಪಟ್ಟು ಅಂತರ ಇರಬೇಕಂತೆ, ಕಣ್ಣು ಮಂದ ಇದ್ದವರಿಗೂ ಓದಲು ಬರುವಂತೆ. ನನ್ನದು ನಾಲ್ಕನ್ನೂ ಮುಟ್ಟಲಿಲ್ಲ. ಫೇಲ್. ಸ್ಕೂಲಿನಲ್ಲೂ ಫೇಲಾದವನಲ್ಲ ನಾನು.

ಎದುರು ಬೀದಿಯ ಕಾಡಪ್ಪನದು ಹದಿನಾಲ್ಕೇ ರೂಮು. ಅವನಿಗೂ ಒಂದು ವೆಬ್‌ಸೈಟು. ಅದು ತೆರೆಯುವಷ್ಟರಲ್ಲಿ ಬೀಡಿ ಒಂದು ಮುಗಿಯುತ್ತದೆ. ನಮ್ಮದು ಮೂರು ಸೆಕೆಂಡಿನೊಳಗೆ ತೆರೆಯಬೇಕು ಅಂತ ಮಂಜಿಯ ಕಟ್ಟುನಿಟ್ಟು. ನೋಡಿಕೊಳ್ಳುತ್ತೇನೆ ಕಾಡಪ್ಪನ್ನ.

ಜನವರಿ 9, ಗುರುವಾರ

ಓಡುವ ಅಕ್ಷರ ತೆಗೆದೆ. ತಾನಾಗಿ ಶುರುವಾಗುವ ನಾದಸ್ವರ ತೆಗೆದೆ. ಕಾರಣ: ಅದೇ, ಮಂಜಿ.

ಇವತ್ತಿನ ಪಾಠ — ಆಲ್ಟ್. ಬರೀ ಫೋಟೊ ಹಾಕಿದರೆ ಸಾಲದು. ಪ್ರತಿ ಫೋಟೊ ಹಿಂದೆ ಒಂದು ಮಾತು ಬರೆದಿಡಬೇಕು. ಕಣ್ಣಿದ್ದವರಿಗೆ ಆ ಮಾತು ಕಾಣುವುದಿಲ್ಲ. ಕಣ್ಣಿಲ್ಲದವರು ತೆರೆದರೆ ಕಂಪ್ಯೂಟರಿನೊಳಗೆ ಒಬ್ಬ ಹೆಂಗಸಿನ ದನಿ ಇದೆ, ಅವಳು ಓದಿ ಹೇಳುತ್ತಾಳೆ. ಮಂಜಿಯ ಉದ್ಯೋಗವೇ ಇದು. ಪಕ್ಕದ ಟೆಕ್ ಪಾರ್ಕಿನಲ್ಲಿ ಕೂತು, ದೊಡ್ಡ ದೊಡ್ಡವರ ವೆಬ್‌ಸೈಟು ಕುರುಡರ ಕೈಗೂ ಬರುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡಿ ತಪ್ಪು ಹಿಡಿಯುವುದು. ತಪ್ಪು ಹಿಡಿಯುವುದಕ್ಕೂ ಸಂಬಳ. ಹಾಗಿದ್ದರೆ ನಮ್ಮ ದೇವಕ್ಕ ಇಷ್ಟು ಹೊತ್ತಿಗೆ ಮ್ಯಾನೇಜರ್ ಆಗಿರಬೇಕಿತ್ತು.

ನನ್ನ ಫೋಟೊಗೆ ಬರೆದೆ: ‘ಸಿಂಹದಂಥ ಮೀಸೆ, ಎಂಥವರೂ ತಿರುಗಿ ನೋಡುವ ಮುಖ, ಶ್ರೀಮಾನ್ ಮುನಿಶಾಮಪ್ಪನವರು.’ ಯಂತ್ರದ ಹೆಂಗಸು ಅದನ್ನು ಹಾಲಿನ ಸೊಸೈಟಿಯಲ್ಲಿ ಲೀಟರ್ ಕೂಗಿದ ಹಾಗೆ ಓದಿದಳು. ಮಂಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು:

“ಮಾವ, ಇರೋದನ್ನ ಬರಿ. ನಿಂಗೆ ಬೇಕಾಗಿದ್ದನ್ನಲ್ಲ. ಅವ್ರಿಗೆ ಫೋಟೊ ಕಾಣಲ್ಲ. ನೀನ್ ಹೇಳಿದ್ದೇ ಅವ್ರಿಗೆ ಫೋಟೊ.”

ಹೊಸದು: ‘ಮುನಿಶಾಮಪ್ಪ, ಐವತ್ತೇಳು ವರ್ಷ, ಬಿಳಿ ಅಂಗಿ, ಎಡಗೈಯಲ್ಲಿ ಎಚ್‌ಎಂಟಿ ಗಡಿಯಾರ, ಗೇಟಿನ ಮುಂದೆ ನಿಂತಿದ್ದಾರೆ.’ ಸಪ್ಪೆ. ಆದರೂ ಗಡಿಯಾರ ಬಿಟ್ಟುಕೊಡಲಿಲ್ಲ. ದೇವಕ್ಕನ ತವರಿನವರು ಮದುವೆಗೆ ಕೊಟ್ಟದ್ದು. ಮೂವತ್ತಮೂರು ವರ್ಷವಾಯಿತು, ಕೈಯಿಂದ ಇಳಿದಿಲ್ಲ.

ಜನವರಿ 19, ಭಾನುವಾರ

‘ಇಪ್ಪತ್ನಾಲ್ಕು ಗಂಟೆ ನೀರು’ ತೆಗೆದೆ. ಕಾರಣ: ಮರೆಪ್ಪ.

ಬಳಸುವವರ ಕೈಗೇ ಕೊಟ್ಟು ನೋಡಬೇಕು ಅನ್ನುವುದು ಒಂದು ನಿಯಮ. ಏಳನೇ ನಂಬರ್ ರೂಮಿನ ಮರೆಪ್ಪನನ್ನು ಕರೆದೆವು. ಯಾದಗಿರಿ ಕಡೆಯವನು, ಟೈಲ್ಸ್ ಕೆಲಸ. ತನ್ನ ಫೋನಿನಲ್ಲಿ ಒಂದೊಂದೇ ಸಾಲು ಬೆರಳಿಟ್ಟು ಓದಿದ. ನೀರಿನ ಸಾಲಿಗೆ ಬಂದು ನಿಂತ.

“ಮಾಲಕ್ರ, ಈ ನೀರು ಯಾ ರೂಮಿಗೆ ಬರ್ತಾವ್ರಿ? ನಾ ಆ ರೂಮಿಗೇ ಹೋಗಿಬಿಡ್ತೀನ್ರಿ.”

ಮಂಜಿ ನನ್ನ ಕಡೆ ತಿರುಗಲೂ ಇಲ್ಲ. ‘ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ’ ಅಂತ ತಾನೇ ತಿದ್ದಿದಳು.

ಇನ್ನೊಂದು ಪರೀಕ್ಷೆ ಮಾಡುತ್ತಾಳೆ. ಮೌಸು ಪಕ್ಕಕ್ಕಿಟ್ಟು, ಬರೀ ಕೀಲಿ ಒತ್ತಿ ಒತ್ತಿ ಮೊದಲಿಂದ ಕೊನೆವರೆಗೆ ಹೋಗುವುದು. ಅದನ್ನು ಕಣ್ಣು ಮುಚ್ಚಿಕೊಂಡೇ ಮಾಡುತ್ತಾಳೆ. ನಾನೂ ಪ್ರಯತ್ನ ಮಾಡಿದೆ. ಎರಡನೇ ಕೀಲಿಗೇ ದಾರಿ ತಪ್ಪಿತು. ಒಂದು ಕಣ್ಣು ತೆರೆದು ಮೋಸ ಮಾಡಿದೆ. ಅವಳು ಇಡೀ ಸೈಟು ಸುತ್ತಿ ಬಂದಳು. ಎಂಥ ಅಭ್ಯಾಸ. ನನ್ನ ರಕ್ತ ಅಲ್ಲವೇ.

ಫೆಬ್ರವರಿ 2, ಭಾನುವಾರ

ವೆಬ್‌ಸೈಟು ಲೋಕಾರ್ಪಣೆ. ಬೂದುಗುಂಬಳಕಾಯಿ ಒಡೆಯೋಣ ಅಂದೆ. ಲ್ಯಾಪ್‌ಟಾಪಿಗೆ ಬೇಡ ಅಂದಳು.

ಸಕ್ಕತ್ತಾಗಿದೆ. ವಿಳಾಸದ ಪಕ್ಕ ಬೀಗದ ಗುರುತು. ‘ಇಲ್ಲಿ ಒತ್ತಿ’ ಅಂತ ಎಲ್ಲೂ ಇಲ್ಲ, ಒತ್ತಿದರೆ ಎಲ್ಲಿಗೆ ಹೋಗುತ್ತೀರಿ ಅಂತ ಬರೆದಿದೆ. ಇಡೀ ಸೈಟಿನ ಎರಡು ಪ್ರತಿ ಬೇರೆ ಬೇರೆ ಕಡೆ ಇಟ್ಟಿದ್ದೇವೆ, ಒಂದು ಹಾಳಾದರೆ ಇನ್ನೊಂದು. ಕಾಡಪ್ಪನ ಮನೆಗೇ ಹೋಗಿ, ಅವನ ಜಗಲಿಯಲ್ಲಿ ಕೂತು, ಅವನ ವೈಫೈಯಲ್ಲೇ ತೆರೆದು ತೋರಿಸಿ ಬಂದೆ. ಮುಖ ನೋಡಬೇಕಿತ್ತು.

ಬಂದು ನೋಡಿದರೆ ಮಂಜಿ ಕಾಫಿ ಲೋಟ ತಳ್ಳಿಬಿಟ್ಟಿದ್ದಳು. ಎದುರಿಗೇ ಇದ್ದ ಲೋಟ. ದೇವಕ್ಕ ನೆಲ ಒರೆಸುತ್ತಿದ್ದಳು. ಲೋಟಕ್ಕೂ ಆಲ್ಟ್ ಬರೆದಿಡಬೇಕಾ ಅಂತ ರೇಗಿಸಿದೆ. ಮಂಜಿ ನಕ್ಕಳು. ದೇವಕ್ಕ ನಗಲಿಲ್ಲ.

ಮಾರ್ಚ್ 14, ಶುಕ್ರವಾರ. ಬೆಳಗ್ಗೆ 9

ಬದಲಾವಣೆ ಏನೂ ಇಲ್ಲ. ಆದರೂ ಬರೆಯುತ್ತಿದ್ದೇನೆ.

ಮಂಜಿ ಆಫೀಸಿಗೆ ಹೊರಟವಳು ಕಾಂಪೌಂಡಿನೊಳಗೆ ನಿಂತಿದ್ದ ಬೈಕಿಗೆ ಹೋಗಿ ಗುದ್ದಿ ಬಿದ್ದಳು. ಬಿಸಿಲಿತ್ತು. ಕೆಂಪು ಬೈಕು. ದಿನಾ ಅಲ್ಲೇ ನಿಲ್ಲುತ್ತದೆ. ಮಂಡಿಯಿಂದ ರಕ್ತ. ಬೈಕಿನವನನ್ನು ಕರೆದು ವಾಚಾಮಗೋಚರ ಬೈದೆ. ಅವನು ತಲೆ ಕೆರೆದುಕೊಂಡು, ಅಣ್ಣ ಸೈಡಲ್ಲೇ ಅಲ್ವಾ ಹಾಕಿರೋದು ಅಂದ.

ಸೈಡಲ್ಲೇ ಹಾಕಿದ್ದ.

ಹಿಂದೆ ಕರೆಂಟ್ ಹೋದಾಗೆಲ್ಲ ಈ ಹುಡುಗಿ ಕೂತಲ್ಲೇ ಕೂರುತ್ತಿದ್ದಳು. ದೀಪ ಬರುವವರೆಗೂ ಎದ್ದು ಬರುತ್ತಿರಲಿಲ್ಲ. ಪುಕ್ಕಲಿ ಅಂತ ನಾನೇ ಹೆಸರಿಟ್ಟಿದ್ದೆ. ಆ ಹೆಸರಲ್ಲೇ ಹತ್ತು ವರ್ಷ ಕರೆದಿದ್ದೇನೆ.

ದೇವಕ್ಕ ಅರಿಶಿನ ಹಚ್ಚುತ್ತಾ, ಕಣ್ಣಾಸ್ಪತ್ರೆಗೆ ಕರ್ಕೊಂಡೋಗಿ ಅಂದಳು. ಅಷ್ಟೇ. ಇವಳಿಗೆ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ.

ಮಾರ್ಚ್ 17, ಸೋಮವಾರ

ಕಣ್ಣಿನ ಒಳಪರದೆ ಅಂಚಿನಿಂದ ಒಣಗುತ್ತಾ ಬಂದಿದೆಯಂತೆ. ಮೊದಲು ಕತ್ತಲಲ್ಲಿ ಕಾಣುವುದಿಲ್ಲ. ಆಮೇಲೆ ಅಕ್ಕಪಕ್ಕ ಕಾಣುವುದಿಲ್ಲ. ಈಗ ನಡುವೆ ಉಳಿದಿರುವುದೂ ಮಂಕಾಗುತ್ತಿದೆ. ಔಷಧಿ ಇಲ್ಲ. ಆಪರೇಷನ್ ಇಲ್ಲ. ಬೇರೆ ದೊಡ್ಡಾಸ್ಪತ್ರೆಗೆ ಹೋಗಲಾ, ಜಮೀನು ಮಾರಲಾ ಅಂತ ಕೇಳಿದೆ. ಡಾಕ್ಟರಮ್ಮ ಒಳ್ಳೆಯವಳು, ಬೇಡಿ ಅಂದಳು.

ಆಮೇಲೆ ಮಂಜಿಯನ್ನು ಕೇಳಿದಳು:

“ತಂದೆ ತಾಯಿ ಸಂಬಂಧದಲ್ಲೇ ಮದುವೆ ಆಗಿದ್ರಾ?”

“ಹೂಂ ಮೇಡಂ. ಅಮ್ಮನ ಸೋದರಮಾವನೇ ನಮ್ಮಪ್ಪ.”

ಡಾಕ್ಟರಮ್ಮ ಬರೆದುಕೊಂಡಳು. ಯಾರ ತಪ್ಪೂ ಅಂತಲ್ಲ, ಹತ್ತಿರದ ರಕ್ತದಲ್ಲಿ ಮದುವೆಯಾದರೆ ಮಕ್ಕಳಿಗೆ ಇಂಥದ್ದು ಬರುವ ಸಾಧ್ಯತೆ ಜಾಸ್ತಿ ಅಂದಳು. ನನ್ನ ಕಡೆ ನೋಡಿ ಹೇಳಲಿಲ್ಲ. ನನಗೇ ಹೇಳಿದ ಹಾಗಿತ್ತು.

ಮಂಜಿಗೆ ನಾಲ್ಕು ವರ್ಷದಿಂದ ಗೊತ್ತು. ಗೊತ್ತಾದ ಮೇಲೇ ಈ ಕೆಲಸಕ್ಕೆ ಸೇರಿದ್ದು. ಕಣ್ಣು ಮುಚ್ಚಿಕೊಂಡು ಕೀಲಿ ಒತ್ತುತ್ತಿದ್ದದ್ದು ಕಂಪನಿಗಾಗಿ ಅಲ್ಲ. ನಮ್ಮ ವೆಬ್‌ಸೈಟಿಗಾಗಿಯೂ ಅಲ್ಲ. ತನಗಾಗಿ.

ಆಟೋದಲ್ಲಿ ನನ್ನ ಕೈ ಹಿಡಿದುಕೊಂಡು, ಹೇಳಿದ್ದರೆ ನೀನೂ ಅತ್ತೆಯೂ ಊಟ ಬಿಡುತ್ತಿದ್ದಿರಿ, ಅದಕ್ಕೇ ಹೇಳಲಿಲ್ಲ ಅಂದಳು.

ಏಪ್ರಿಲ್ 20, ಭಾನುವಾರ

ಒಂದು ತಿಂಗಳು ಈ ಪುಸ್ತಕ ಮುಟ್ಟಿರಲಿಲ್ಲ.

ಸೈಟಿನಲ್ಲಿ ‘ನಮ್ಮ ಬಗ್ಗೆ’ ಅನ್ನುವ ಪುಟ ಇದೆ. ನಾನೇ ಬರೆದದ್ದು. ‘ಕೆರೆ ಅಂಚಿನ ಎರಡು ಎಕರೆ ಜಮೀನನ್ನು ಕೈಬಿಡದೆ ಉಳಿಸಿಕೊಂಡ ಕುಟುಂಬ.’ ಇವತ್ತು ಓದಿದೆ. ಹೇಗೆ ಉಳಿಸಿಕೊಂಡೆ ಅಂತ ಅಲ್ಲಿ ಇಲ್ಲ. ಇಲ್ಲಿ ಇರಲಿ. ಇದನ್ನು ಓದುವವರು ಯಾರೂ ಇಲ್ಲ.

ಲಕ್ಷ್ಮಯ್ಯ ನಮ್ಮ ಅವ್ವನ ತಮ್ಮ. ಆ ಎರಡು ಎಕರೆ ಅವನದು. ಹೊರಗಿನಿಂದ ಹೆಣ್ಣು ತಂದರೆ ಜಮೀನು ಆ ಹೆಣ್ಣಿನ ಕಡೆಯವರ ಬಾಯಿಗೆ ಹೋಗುತ್ತದೆ. ಯಮುನಾಳನ್ನು ಕೊಟ್ಟರೆ ನಮ್ಮಲ್ಲೇ ಇರುತ್ತದೆ. ಆಗ ನನಗೆ ಇಪ್ಪತ್ತಾರು. ಅಪ್ಪ ಇರಲಿಲ್ಲ, ಮನೆಗೆ ನಾನೇ ಯಜಮಾನ. ಯಮುನಾಳಿಗೆ ಹದಿನೆಂಟು. ನಮ್ಮೂರ ಹೆಣ್ಣುಮಕ್ಕಳಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲನೆಯವಳು. ಟೀಚರ್ ಟ್ರೈನಿಂಗಿಗೆ ಅರ್ಜಿ ತರಿಸಿಟ್ಟುಕೊಂಡಿದ್ದಳು. ಮಾವನನ್ನು ಮಾವ ಅಂತಲೇ ನೋಡಿದ್ದೀನಿ ಕಣಣ್ಣ, ಬೇಡ ಕಣಣ್ಣ ಅಂದಳು. ಒಂದೇ ಸಲ ಅಂದಳು.

ಊರೆಲ್ಲ ಹೊಗಳಿತು. ಚೂರು ಜಮೀನು ಹೊರಗೆ ಹೋಗದ ಹಾಗೆ ಮದುವೆ ಮಾಡಿದವನು ಅಂತ. ನಾನೂ ಮೂವತ್ತು ವರ್ಷ ಹೇಳಿಕೊಂಡು ತಿರುಗಿದೆ.

ಲಕ್ಷ್ಮಯ್ಯ ಕೆಟ್ಟವನಲ್ಲ. 2008ರಲ್ಲಿ ಹೋದ. ಯಮುನಾ 2019ರಲ್ಲಿ. ಆ ಎರಡು ಎಕರೆಯ ಮೇಲೆಯೇ ನನ್ನ ಇಪ್ಪತ್ತೆರಡು ರೂಮು ನಿಂತಿವೆ. ಮಂಜಿ ಬೈಕಿಗೆ ಗುದ್ದಿದ್ದೂ ಅಲ್ಲೇ.

ಜೂನ್ 8, ಭಾನುವಾರ

ಹೊಸ ಕೆಲಸ. ಹೊಸ ಸೈಟು. ಇದು ಊರಿಗಲ್ಲ. ಪಾಸ್‌ವರ್ಡ್ ಇದೆ, ನಮ್ಮಿಬ್ಬರಿಗೆ ಮಾತ್ರ.

ಮಂಜಿ ಟ್ರಂಕಿನಿಂದ ಹಳೇ ಆಲ್ಬಮ್ ತೆಗೆಸಿ ಹನ್ನೆರಡು ಫೋಟೊ ಆರಿಸಿ ಸ್ಕ್ಯಾನ್ ಮಾಡಿ ಹಾಕಿದ್ದಾಳೆ. ಎಲ್ಲವೂ ಅವಳಮ್ಮನವು. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದುಕೊಂಡು ಒಂದೊಂದನ್ನೂ ಆರಿಸಿದಳು.

“ಈಗ ತೂತಲ್ಲಿ ಇಣುಕ್ದಂಗೆ ಚೂರುಚೂರು ಕಾಣುತ್ತೆ ಮಾವ. ಒಂದ್ಸಲ ಕಿವಿಯೋಲೆ, ಒಂದ್ಸಲ ಜಡೆ. ಪೂರ್ತಿ ಅಮ್ಮ ಕಾಣಲ್ಲ. ಇನ್ನ ಸ್ವಲ್ಪ ದಿನಕ್ಕೆ ಅದೂ ಇರಲ್ಲ. ನೀನು ಬರಿ. ಆಮೇಲೆ ನಾನು ಕೇಳಿಸ್ಕೊಂಡು ನೋಡ್ಕೋತೀನಿ.”

ನಿಯಮ ಮತ್ತೆ ಹೇಳಿದಳು. ‘ಒಬ್ಬ ಹೆಂಗಸು’ ಅಂತ ಬರೆಯಬೇಡ, ಯಾರು ಅಂತ ಹೆಸರು ಬರೆ. ಏನಿದೆಯೋ ಅದು. ಚಿಕ್ಕದಾಗಿ. ಬಳ್ಳಿ ಗಿಳ್ಳಿ ಬರೀ ಅಲಂಕಾರಕ್ಕೆ ಇದ್ದರೆ ಆಲ್ಟ್ ಖಾಲಿ ಬಿಡು, ಯಂತ್ರ ಅದನ್ನು ದಾಟಿಕೊಂಡು ಸುಮ್ಮನೆ ಮುಂದೆ ಹೋಗುತ್ತದೆ.

ಆಗಲಿ ಕಣಮ್ಮ, ಇಂಥ ಆಲ್ಟು ಬೆಂಗಳೂರಲ್ಲೇ ಯಾರೂ ಬರೆದಿರಬಾರದು, ಹಾಗೆ ಬರೆಯುತ್ತೇನೆ ಅಂದೆ.

ಜೂನ್ 22, ಭಾನುವಾರ. ಮಧ್ಯಾಹ್ನ

ಹತ್ತು ಮುಗಿಯಿತು. ಒಂದೊಂದಕ್ಕೂ ಒಂದೊಂದು ದಿನ.

ಒಂದು: ‘ಯಮುನಾ, ಹದಿನಾರು ವರ್ಷ, ಮಾರ್ಕ್ಸ್ ಕಾರ್ಡನ್ನು ಎದೆಗೆ ಹಿಡಿದಿದ್ದಾಳೆ. ಎರಡು ಜಡೆ. ಹಲ್ಲು ಕಾಣುವ ಹಾಗೆ ನಗುತ್ತಿದ್ದಾಳೆ. ಕಾಲಲ್ಲಿ ಚಪ್ಪಲಿ ಇಲ್ಲ.’

ನಾಲ್ಕು: ‘ಮಂಜುಶ್ರೀ, ಆರು ತಿಂಗಳು, ನೀರು ಕಾಯಿಸುವ ತಾಮ್ರದ ಹಂಡೆಯೊಳಗೆ ಕೂತಿದ್ದಾಳೆ. ತಲೆ ಮಾತ್ರ ಕಾಣುತ್ತದೆ. ಹಂಡೆ ಹಿಡಿದಿರುವ ಬಳೆ ಕೈ ಯಮುನಾಳದು.’

ಏಳು: ‘ಯಮುನಾ ಕೆರೆ ಏರಿಯ ಮೇಲೆ ಹಸು ಹಿಡಿದು ನಿಂತಿದ್ದಾಳೆ. ಸೆರಗು ಗಾಳಿಗೆ ಹಾರಿದೆ. ಬಾಯಿ ತೆರೆದಿದೆ, ಏನೋ ಬೈಯುತ್ತಿದ್ದಾಳೆ, ಫೋಟೊ ತೆಗೆದವನನ್ನೇ ಇರಬೇಕು.’ ತೆಗೆದವನು ನಾನು. ಕತ್ತೆ ಬಡವಾ ಅಂತ ಬೈದಿದ್ದಳು. ಅದನ್ನು ಹಾಕಲಿಲ್ಲ.

ಬರೆಯುತ್ತಾ ಬರೆಯುತ್ತಾ ಒಂದು ಗೊತ್ತಾಯಿತು. ನಲವತ್ತು ವರ್ಷ ಆ ಮುಖದ ಜೊತೆ ಬದುಕಿದ್ದರೂ ಸರಿಯಾಗಿ ನೋಡಿಯೇ ಇರಲಿಲ್ಲ. ಬಲ ಹುಬ್ಬಿನ ಮೇಲೆ ಸಣ್ಣ ಗಾಯದ ಗುರುತಿದೆ. ಅದು ಯಾವಾಗ ಆದದ್ದು? ಕೇಳಲು ಈಗ ಯಾರಿದ್ದಾರೆ.

ಹನ್ನೊಂದು ಬಿಟ್ಟು ಹನ್ನೆರಡಕ್ಕೆ ಹೋದೆ.

ಜೂನ್ 24, ಮಂಗಳವಾರ

ಹನ್ನೆರಡು ಮುಗಿಯಿತು. ಹನ್ನೊಂದು ಖಾಲಿ ಬಿಟ್ಟೆ. ಕಾರಣ:

ಜುಲೈ 6, ಭಾನುವಾರ

ಸಿಕ್ಕಿಬಿದ್ದೆ.

ಮಂಜಿ ಕಿವಿಗೆ ಹೆಡ್‌ಫೋನ್ ಹಾಕಿ ಮೊದಲಿಂದ ಕೊನೆವರೆಗೆ ಕೇಳಿದಳು. ಹಂಡೆಗೆ ನಕ್ಕಳು. ಹಸುವಿಗೆ ಅತ್ತಳು. ಮುಗಿದ ಮೇಲೆ ಬೆರಳು ಮಡಿಸಿ ಎಣಿಸಿದಳು. ಹನ್ನೆರಡು ಇಟ್ಟಿದ್ದೆ, ಯಂತ್ರದವಳು ಹನ್ನೊಂದೇ ಓದಿದಳು ಅಂದಳು. ನೆಟ್ ಸರಿ ಇಲ್ಲ, ಮೋಡ ಕವಿದಿದೆ ಅಂದೆ. ಅವಳು ಅದೇನೋ ಒಳಗಿನದು ತೆರೆದು, ಯಂತ್ರದ ಹೆಂಗಸಿನ ಕೈಲಿ ಒಂದೊಂದೇ ಅಕ್ಷರ ಓದಿಸಿದಳು.

“ಮಾವ, ಅಪ್ಪ ಅಮ್ಮನ ಮದ್ವೆ ಫೋಟೊ ಇದು. ಅಲಂಕಾರ ಅಂತ ಗುರುತು ಹಾಕಿದ್ದೀಯ. ಅದು ಬರೀ ಅಲಂಕಾರನಾ?”

ಕೈ ತಪ್ಪಿರಬೇಕು ಕಣೇ, ಏಳನೇ ಕ್ಲಾಸು ಓದಿದವನು ನಾನು ಅಂದೆ. ಜೀವಮಾನದಲ್ಲಿ ಮೊದಲ ಸಲ ಅದನ್ನು ಕಮ್ಮಿ ಮಾಡಿ ಹೇಳಿದೆ.

ಆಗಸ್ಟ್ 3, ಭಾನುವಾರ

ನಾಲ್ಕು ವಾರ ಸಬೂಬು ಹೇಳಿದೆ. ಬೋರ್‌ವೆಲ್ ಕೆಟ್ಟಿದೆ, ಬೆನ್ನು ನೋವು, ಕಾರ್ಪೊರೇಷನ್ನವರು ಬಂದಿದ್ದಾರೆ. ಅವಳು ಒತ್ತಾಯ ಮಾಡಲಿಲ್ಲ. ಪ್ರತಿ ಭಾನುವಾರ ಕೇಳುತ್ತಾಳೆ, ಆಯ್ತಾ ಮಾವ ಅಂತ, ಅಷ್ಟೇ.

ಈಗ ಫೋಟೊ ಮೂಗಿಗೆ ಹಿಡಿದರೂ ಅವಳಿಗೆ ಏನೂ ಕಾಣುವುದಿಲ್ಲ. ಬೆಳಕು ಯಾವ ಕಡೆಯಿಂದ ಅಂತ ಮಾತ್ರ ಗೊತ್ತಾಗುತ್ತದೆ.

ಇವತ್ತು ಬರೆದೆ. ‘ಧಾರೆ ಮಂಟಪ. ಲಕ್ಷ್ಮಯ್ಯ ಮತ್ತು ಯಮುನಾ ಅಕ್ಕಪಕ್ಕ ಇದ್ದಾರೆ. ಯಮುನಾ ನಗುತ್ತಾ, ತಾನೇ ಕೈ ಮುಂದೆ ಚಾಚಿದ್ದಾಳೆ.’

ಮೂರು ವಾಕ್ಯ. ಇಡೀ ಬೆಳಗ್ಗೆ ಹಿಡಿಯಿತು.

ಆಗಸ್ಟ್ 10, ಭಾನುವಾರ

ಕೇಳಿದಳು. ಮತ್ತೆ ಕೇಳಿದಳು. ಮೂರನೇ ಸಲ ಕೇಳಿ ಹೆಡ್‌ಫೋನ್ ತೆಗೆದಳು.

“ನಗ್ತಿದ್ಲಾ ಮಾವ?”

ಹೂಂ ಅಂದೆ.

“ಅಮ್ಮ ಅಳ್ತಿದ್ಲು ಅಂತ ನನ್ ತಲೇಲಿತ್ತು. ಚಿಕ್ಕೋಳಿದ್ದಾಗ ನೋಡಿದ್ದಲ್ವಾ. ಅವಳ ರಟ್ಟೆ ಮೇಲೆ ಯಾರದೋ ಕೈ ಇತ್ತು ಅಂತಾನೂ. ನಿನ್ನ ಕೇಳಿದ್ದೆ, ಯಾರೋ ನೆಂಟ್ರು ಅಂದಿದ್ದೆ.”

ಕೈ ಗೀ ಏನೂ ಇಲ್ಲ, ಹಾರದ ನೆರಳು ಬಿದ್ದಿರಬೇಕು ಅಂದೆ.

ತಪ್ಪು ನೆನಪಿಟ್ಟುಕೊಂಡಿದ್ದೆ ನೋಡು, ಒಳ್ಳೇದಾಯ್ತು ಬಿಡು ಮಾವ ಅಂದಳು. ಮುಖ ಹಗುರಾಗಿತ್ತು. ಆಸ್ಪತ್ರೆಯಿಂದ ಬಂದಮೇಲೆ ಆ ಮುಖ ಹಾಗೆ ನೋಡಿರಲಿಲ್ಲ. ತಡಕಾಡಿ ನನ್ನ ಕೈ ಹುಡುಕಿ ಹಿಡಿದುಕೊಂಡಳು. ಎಡಗೈ. ಗಡಿಯಾರದ ಮೇಲೇ ಹಿಡಿದುಕೊಂಡಳು.

ಒಳ್ಳೆಯದೇ ಮಾಡಿದೆನಲ್ಲ. ಅವಳಿಗೆ ನೆಮ್ಮದಿ ಆಯಿತಲ್ಲ. ಇದರಲ್ಲಿ ತಪ್ಪೇನು?

ಅಕ್ಟೋಬರ್ 16, ಗುರುವಾರ. ಸಂಜೆ

ಇಂಥ ದಿನದ ಕನಸು ಕಂಡಿದ್ದೆ. ಟೆಕ್ ಪಾರ್ಕಿನ ಗೇಟಿನಲ್ಲಿ ನನ್ನ ಫೋಟೊ ತೆಗೆದು, ಕೊರಳಿಗೆ ವಿಸಿಟರ್ ಟ್ಯಾಗು ಹಾಕಿ, ಸಾರ್ ಬನ್ನಿ ಸಾರ್ ಅಂತ ಲಿಫ್ಟಿನಲ್ಲಿ ಕರೆದುಕೊಂಡು ಹೋದರು. ಒಂದು ಕಾಲದಲ್ಲಿ ಅಲ್ಲಿ ನಾವು ರಾಗಿ ಕಣ ಮಾಡುತ್ತಿದ್ದೆವು. ದೊಡ್ಡ ಎಸಿ ಹಾಲ್, ಇನ್ನೂರು ಜನ. ಮುಂದಿನ ಸಾಲಿನಲ್ಲೇ ನನಗೆ ಸೀಟು.

ಮಂಜಿ ಬಿಳಿ ಕೋಲು ಹಿಡಿದು ತಾನೇ ವೇದಿಕೆ ಹತ್ತಿದಳು. ಹೊಸದಾಗಿ ಸೇರಿದವರಿಗೆ ಪಾಠ. ಒಳ್ಳೆಯ ಆಲ್ಟ್ ಅಂದರೆ ಏನು ಅಂತ. ಉದಾಹರಣೆಗೆ ನಾನು ಬರೆದದ್ದನ್ನೇ ಇಟ್ಟಿದ್ದಳು. ಪರದೆಯ ಮೇಲೆ ಫೋಟೊ ಇಲ್ಲ, ಕಪ್ಪು. ಬರೀ ದನಿ. ಹಂಡೆಗೆ ಎಲ್ಲರೂ ನಕ್ಕರು. ಚಪ್ಪಲಿ ಇಲ್ಲದ ಕಾಲಿಗೆ ಸುಮ್ಮನಾದರು. ಬರೆದವರು ಇಲ್ಲೇ ಇದ್ದಾರೆ, ನಮ್ಮ ಮಾವ ಅಂತ ಹೇಳಿದಳು. ಚಪ್ಪಾಳೆ. ಎದ್ದು ಕೈ ಮುಗಿದೆ. ಮೀಸೆಯ ಮೇಲೆ ಕೈ ಹೋಗುವುದರಲ್ಲಿತ್ತು.

ಆಗ ಹನ್ನೊಂದನ್ನು ಓದಿಸಿದಳು. ಯಮುನಾ ನಗುತ್ತಾ, ತಾನೇ ಕೈ ಮುಂದೆ ಚಾಚಿದ್ದಾಳೆ.

“ನಮ್ಮಮ್ಮ ಮದ್ವೆ ದಿನ ಅಳ್ತಿದ್ರು ಅಂತ ಇಪ್ಪತ್ತು ವರ್ಷ ಅನ್ಕೊಂಡಿದ್ದೆ. ನಂಗೆ ಇನ್ನು ಆ ಫೋಟೊ ನೋಡಕ್ಕಾಗಲ್ಲ. ಬರೆದೋರನ್ನ ನಂಬಿ ನನ್ನ ನೆನಪನ್ನ ತಿದ್ಕೊಂಡೆ. ನೀವು ಬರೆಯೋದನ್ನ ಯಾರೋ ಹಿಂಗೆ ನಂಬ್ತಾರೆ. ಅದು ತಲೇಲಿರ್ಲಿ.”

ಮತ್ತೆ ಚಪ್ಪಾಳೆ. ಜೋರು. ನಾನು ಏಳಲಿಲ್ಲ. ಪಕ್ಕದ ಹುಡುಗ, ಸಾರ್ ಏಳಿ ಸಾರ್ ಅಂದ. ಕೊರಳ ಟ್ಯಾಗು ತಿರುಗಿಸುತ್ತಾ ಕೂತೇ ಇದ್ದೆ.

ಬರುವಾಗ ಕಾಡಪ್ಪ ಜಗಲಿಯಲ್ಲೇ ಇದ್ದ. ನನ್ನ ಕೊರಳಲ್ಲಿ ಇನ್ನೂ ಟ್ಯಾಗ್ ಇತ್ತು. ಏನ್ ಮುನಿಶಾಮಣ್ಣ, ಕಂಪನಿಗೆ ಸೇರ್ಕೊಂಡ್ಯಾ ಅಂತ ಕೇಳಿದ. ಇಲ್ಲಪ್ಪ ಅಂದು ಟ್ಯಾಗ್ ಜೇಬಿಗೆ ಹಾಕಿಕೊಂಡು ಬಂದುಬಿಟ್ಟೆ.

ನವೆಂಬರ್ 2, ಭಾನುವಾರ

ದೇವಕ್ಕನಿಗೆ ಗೊತ್ತಾಗಿದೆ. ಮಂಜಿಯೇ ಖುಷಿಯಿಂದ ಹೇಳಿದ್ದಾಳೆ, ಅಮ್ಮ ನಗುತ್ತಿದ್ದಳಂತೆ ಅತ್ತೆ ಅಂತ.

ದೇವಕ್ಕ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಾನೂ ಹೋಗಿ ಕೂತೆ. ತುಂಬಾ ಹೊತ್ತು ಇಬ್ಬರೂ ಸುಲಿದೆವು.

“ನಾನು ಪಕ್ಕದಾಗೇ ಇದ್ದೆ ಕಣ್ರೀ ಅವತ್ತು. ಕಳ್ಸ ಇಡ್ಕೊಂಡು. ಅವಳೆಲ್ ನಕ್ಳು?”

ನಾನು ಇನ್ನೊಂದು ಕಾಯಿ ಕೈಗೆ ತೆಗೆದುಕೊಂಡೆ.

“ಆ ಮಗೀಗೆ ಇನ್ನ ನೋಡಿ ಯೋಳೋಕೆ ನಿಮ್ಮನ್ ಬಿಟ್ರೆ ಯಾರವ್ರೆ.”

ಸಿಪ್ಪೆ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು.

ನೆಮ್ಮದಿ ಅಂದುಕೊಂಡೆ. ಯಾರ ನೆಮ್ಮದಿ? ಯಮುನಾ ಬೇಡ ಅಂದದ್ದು ಒಂದೇ ಸಲ. ದೇವಕ್ಕನ್ನ ಬಿಟ್ಟರೆ ಅದಕ್ಕೆ ಸಾಕ್ಷಿ ಅಂತ ಈ ಲೋಕದಲ್ಲಿ ಉಳಿದಿದ್ದದ್ದು ಆ ಫೋಟೊ ಒಂದೇ. ಅದನ್ನು ಸರಿಯಾಗಿ ನೋಡಿದ್ದವಳು ಅವಳ ಮಗಳು ಒಬ್ಬಳೇ. ಆ ಮಗಳ ತಲೆಯಿಂದಲೂ ಅಳಿಸಿಹಾಕಿದೆ. ಜಮೀನು ತೆಗೆದುಕೊಂಡೆ. ಟ್ರೈನಿಂಗಿನ ಅರ್ಜಿ ತೆಗೆದುಕೊಂಡೆ. ಈಗ ಅವಳ ಅಳುವನ್ನೂ ತೆಗೆದುಕೊಂಡೆ.

ಹೇಳಿದರೆ ಮಂಜಿ ಏನು ಮಾಡುತ್ತಾಳೆ? ನನ್ನ ಕೈ ಹಿಡಿದುಕೊಂಡೇ ಈಗ ಗೇಟಿನವರೆಗೆ ಬರುವುದು. ಆಮೇಲೂ ಹಿಡಿದುಕೊಳ್ಳುತ್ತಾಳಾ?

ನವೆಂಬರ್ 9, ಭಾನುವಾರ. ಬೆಳಗ್ಗೆ 10

ಬದಲಾವಣೆ: ಫೋಟೊ ಹನ್ನೊಂದರ ಆಲ್ಟ್ ತೆಗೆದೆ.
ಕಾರಣ: ಸುಳ್ಳು.

ಮಂಜಿ ಹೊರಗೆ ಬಿಸಿಲಲ್ಲಿ ಮೆಟ್ಟಿಲ ಮೇಲೆ ಕೂತಿದ್ದಾಳೆ. ಒಂದು ಫೋಟೊ ತಿದ್ದಬೇಕು ಕಣಮ್ಮ, ತಪ್ಪು ಬರೆದಿದ್ದೇನೆ ಅಂದೆ. ಯಾವುದು ಅಂತ ಕೇಳಲಿಲ್ಲ. ಹೆಡ್‌ಫೋನ್ ಕಿವಿಗೆ ಹಾಕಿಕೊಂಡು ಕಾಯುತ್ತಿದ್ದಾಳೆ. ಮೊದಲು ಇಲ್ಲಿ ಬರೆದುಕೊಂಡು, ಆಮೇಲೆ ಅಲ್ಲಿ ಹಾಕುತ್ತೇನೆ. ಫೋಟೊ ಮುಂದೆ ಇದೆ. ಇರುವುದನ್ನು ಬರೆಯಬೇಕು. ಹೆಸರು ಹಾಕಬೇಕು. ‘ಯಾರೋ’ ಅಂತ ಬರೆಯಬಾರದು.

‘ಧಾರೆ ಮಂಟಪ. ಬಲಕ್ಕೆ ಲಕ್ಷ್ಮಯ್ಯ, ಪೇಟ ಕಟ್ಟಿದ್ದಾನೆ, ಕ್ಯಾಮೆರಾ ಕಡೆ ನೋಡುತ್ತಿದ್ದಾನೆ. ಎಡಕ್ಕೆ ಯಮುನಾ, ಹದಿನೆಂಟು ವರ್ಷ, ಅರಿಶಿನದ ಸೀರೆ, ಹಣೆಗೆ ಬಾಸಿಂಗ. ತಲೆ ತಗ್ಗಿದೆ. ಕಣ್ಣು ಊದಿದೆ. ಕೆನ್ನೆ ಒದ್ದೆ. ಹುಬ್ಬಿನ ಮೇಲಿನ ಗಾಯ ಹಸಿ.’

ಹಸಿ. ಇದು ಅವತ್ತಿನದೇ. ಬೆಳಗ್ಗೆ ಬಾಗಿಲು ಹಾಕಿಕೊಂಡಿದ್ದಳು. ನಾನು ತಳ್ಳಿದೆ. ಹಿಂದೆಯೇ ನಿಂತಿದ್ದಳು. ಇಷ್ಟು ದಿನ ಇದನ್ನು…

ಇರಲಿ. ಮುಂದೆ.

‘ಧಾರೆ ಎರೆಯಲು ಯಮುನಾಳ ಕೈ ಮುಂದೆ ಬಂದಿದೆ. ತಾನಾಗಿ ಬಂದದ್ದಲ್ಲ. ಬೆರಳು ಮುಷ್ಟಿ ಕಟ್ಟಿದೆ. ಅವಳ ರಟ್ಟೆಯನ್ನು ಇನ್ನೊಂದು ಕೈ ಹಿಡಿದು ಮುಂದಕ್ಕೆ ಎಳೆದಿದೆ. ಹಿಡಿದವನ ಮುಖ ಫೋಟೊದಲ್ಲಿಲ್ಲ. ಎಡಗೈ. ಬಿಳಿ ಅಂಗಿಯ ತೋಳು. ಎಚ್‌ಎಂಟಿ ಗಡಿಯಾರ, ಮುಳ್ಳು ಎಂಟೂ ಇಪ್ಪತ್ತು. ಆ ಕೈ…